ಬಿಡ್ತು ಎನ್ನುತ್ತ ತುಂಬಿದ ಅರ್ಜಿ

ಮೊನ್ನೆ ಸ್ಟ್ರೀಟ್ಸ್‌ವಿಲ್ಲಿನಲ್ಲಿ ನಮ್ಮವರೊಬ್ಬರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಪ್ರಸಾದದ ತಟ್ಟೆ ಹಿಡಿದುಕೊಂಡೇ ಒಬ್ಬ ಹುಡುಗಿ ಬಂದು ನನ್ನ ಪಕ್ಕ ಕೂತಳು. ಪೂರ್ವಿ ಅಂತ ಹೆಸರು, ಬೆಂಗಳೂರಿನವಳು. ಇಲ್ಲಿನ ಕಾಲೇಜೊಂದರಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ತರಗತಿ ಸಹಾಯಕಿಯಾಗುವ ಕೋರ್ಸು ಓದುತ್ತಿದ್ದಾಳೆ. “ಆಂಟಿ, ನೀವು ಸ್ಕೂಲ್ ಬೋರ್ಡಲ್ಲಿ ಸ್ಪೆಷಲ್ ಎಜುಕೇಷನ್ನಲ್ಲೇ ಇದ್ರಂತೆ. ಆ ಕೆಲಸ ನಿಜವಾಗ್ಲೂ ಹೇಗಿರುತ್ತೆ? ಕ್ಲಾಸಲ್ಲಿ ಹೇಳೋದೆಲ್ಲ ತುಂಬಾ ನೈಸಾಗಿ ಕೇಳ್ಸುತ್ತೆ” ಅಂದಳು. ನನ್ನ ಬಾಯಿ ತುಂಬ ಪ್ರಸಾದ ಇತ್ತು, ಅದಕ್ಕೇ ಬಚಾವಾದಳು. ಇಲ್ಲದಿದ್ದರೆ ಅಲ್ಲೇ ಎರಡು ಗಂಟೆ ಕೂರಿಸಿಕೊಂಡುಬಿಡುತ್ತಿದ್ದೆ. ಮನೆಗೆ ಬಂದ ಮೇಲೆ, ಹೇಳುವುದಕ್ಕಿಂತ ಬರೆದೇ ಕೊಡೋಣ ಅನ್ನಿಸಿತು.

ನಾನು ಕೆಲಸ ಬಿಟ್ಟು ಒಂದು ಚಳಿಗಾಲ ಕಳೆಯಿತು. “ಬ್ಯಾಸರಾಗಂಗಿಲ್ಲೇನ್ರೀ?” ಅಂತ ಎಲ್ಲರೂ ಕೇಳುತ್ತಾರೆ. ಬೇಸರ ಎಲ್ಲಿಂದ ಬರಬೇಕು! ಬೆಳಗ್ಗೆ ಫೋನು ರಿಂಗಾದರೆ ಈಗ ನನ್ನ ಎದೆ ಧಸಕ್ಕೆನ್ನುವುದಿಲ್ಲ. ಫೋನು ಮಾಡಿದವರು ಗ್ಯಾಸಿನವರೋ, ನನ್ನ ತಂಗಿಯೋ ಆಗಿರುತ್ತಾರೆ. ಯಾವ ಮಗುವೂ ಯಾವ ಬಾಗಿಲಿನಿಂದಲೂ ಓಡಿಹೋಗಿರುವುದಿಲ್ಲ. ಇದಕ್ಕಿಂತ ಸುಖ ನನಗೆ ಬೇಕಾಗಿಲ್ಲ.

ಧಾರವಾಡದಲ್ಲಿ ಪ್ರೈಮರಿ ಶಾಲೆಯ ಅಕ್ಕೋರಾಗಿದ್ದವಳು ನಾನು. ಈ ಚಳಿಯ ದೇಶಕ್ಕೆ ಬಂದು ಶಾಲೆಯೊಂದರಲ್ಲಿ ಊಟದ ಹೊತ್ತಿನಲ್ಲಿ ಮಕ್ಕಳನ್ನು ಕಾಯುವವಳಾಗಿ ಸೇರಿದೆ, ಆಮೇಲೆ ತರಗತಿ ಸಹಾಯಕಿಯಾದೆ, ಕೊನೆಗೆ ಶಾಲಾ ಮಂಡಳಿಯ ಆಫೀಸಿನಲ್ಲಿ ಫೈಲು ತಯಾರಿಸುವವಳಾದೆ. ಯಾವ ಕುರ್ಚಿ ಯಾವಾಗ ಸಿಕ್ಕಿತು ಅನ್ನುವುದು ಯಾರಿಗೂ ಬೇಡದ ಸಂಗತಿ, ಈಗ ನನಗೂ ಸರಿಯಾಗಿ ನೆನಪಿಲ್ಲ.

ಆ ಫೈಲು ಏನು ಅಂತ ಮೊದಲು ಹೇಳಿಬಿಡುತ್ತೇನೆ ಪೂರ್ವಿ, ನಿನ್ನ ಕೋರ್ಸಿನಲ್ಲಿ ಇದನ್ನು ಅರ್ಧ ದಿನದಲ್ಲಿ ಮುಗಿಸಿರುತ್ತಾರೆ. ವಿಶೇಷ ಮಕ್ಕಳಿಗೆಂದು ಸರ್ಕಾರ ಶಾಲಾ ಮಂಡಳಿಗೆ ಒಂದಿಷ್ಟು ಹಣ ಕೊಡುತ್ತದೆ. ಅದು ಎಲ್ಲ ಶಾಲೆಗಳಿಗೂ ಹಂಚಿ ಹೋಗುತ್ತದೆ, ಯಾವ ಶಾಲೆಗೂ ಸಾಲುವುದಿಲ್ಲ. ಆದರೆ ಕೆಲವು ಮಕ್ಕಳಿರುತ್ತಾರೆ, ಅವರ ಪಕ್ಕದಲ್ಲಿ ದಿನವಿಡೀ ಒಬ್ಬ ದೊಡ್ಡವರು ಇಲ್ಲದಿದ್ದರೆ ಜೀವಕ್ಕೇ ಅಪಾಯ. ಅಂಥ ಮಗುವಿನ ಹೆಸರಿನಲ್ಲಿ ಪ್ರತ್ಯೇಕ ಅರ್ಜಿ ಹಾಕಬಹುದು. ಒಪ್ಪಿಗೆ ಬಂದರೆ ಆ ಮಗುವಿಗೆಂದೇ ಒಬ್ಬ ಸಹಾಯಕಿ, ಪೂರ್ತಿ ದಿನದ ಶಾಲೆ. ಬರದಿದ್ದರೆ “ಹನ್ನೊಂದಕ್ಕೆ ಬಂದು ಮಗುವನ್ನು ಕರೆದುಕೊಂಡು ಹೋಗಿ” ಅನ್ನುವ ಫೋನು. ನಾನು ಹೇಳುತ್ತಿರುವುದು ನಮ್ಮ ಕಾಲದ ಅರ್ಜಿಯ ಮಾತು. ಅದರಲ್ಲಿ ಮಗುವಿಗೆ ಏನೇನು ಬರುತ್ತದೆ ಅನ್ನುವುದಕ್ಕೆ ಎರಡು ಸಾಲಿನ ಜಾಗವಿತ್ತು. ಏನೇನು ಬರುವುದಿಲ್ಲ, ಏನೇನು ಮಾಡಿಬಿಡುತ್ತದೆ ಅನ್ನುವುದಕ್ಕೆ ಪುಟಗಟ್ಟಲೆ ಜಾಗ.

ನಮ್ಮ ಜನಕ್ಕೆ ಇದು ತಲೆಗೆ ಹತ್ತುವುದೇ ಇಲ್ಲ. ಅರ್ಜಿ ಅಂದರೆ ನಾವು ಹುಟ್ಟಾ ಕಲಿತದ್ದು ಒಳ್ಳೆಯದನ್ನು ಬರೆಯುವುದು. ದೊಡ್ಡವರ ಮುಂದೆ ಮಗುವನ್ನು ಕೂರಿಸಿದರೆ ಅದು ಜಾಣ ಅನ್ನಿಸಿಕೊಂಡೇ ಏಳಬೇಕು. ಕ್ಲೈನ್‌ಬರ್ಗಿನ ದೊಡ್ಡ ಮನೆಯಲ್ಲಿದ್ದ ಹುಬ್ಬಳ್ಳಿಯವರೊಬ್ಬರ ಕತೆ ಕೇಳು. ಅವರ ಒಂಬತ್ತು ವರ್ಷದ ಮಗನಿಗೆ ಕಲಿಕೆಯ ತೊಂದರೆ. ಹತ್ತೇ ಮಕ್ಕಳಿರುವ ಸಣ್ಣ ತರಗತಿಗೆ ಸೇರಿಸಬೇಕೆಂದು ಅವರಿಗೆ ಆಸೆ. ಅದಕ್ಕೆ ಮೊದಲು ಮನಶ್ಶಾಸ್ತ್ರಜ್ಞೆ ಬಂದು ಮಗುವಿನ ಪರೀಕ್ಷೆ ಮಾಡಬೇಕು. ಈ ಪುಣ್ಯಾತ್ಮರು ಪರೀಕ್ಷೆಯಲ್ಲಿ ಏನೇನು ಕೇಳುತ್ತಾರೆ ಅಂತ ಯಾರಿಂದಲೋ ತಿಳಿದುಕೊಂಡರು. ಅಂಥದ್ದೇ ಬಣ್ಣದ ಕಟ್ಟಿಗೆ ತುಂಡುಗಳನ್ನು ತರಿಸಿ, ಮೂರು ವಾರ ಮನೆಯಲ್ಲಿ ಮಗನಿಗೆ ಟ್ಯೂಷನ್ ಕೊಟ್ಟರು! ಪರೀಕ್ಷೆಯ ದಿನ ಆಕೆ ಸ್ಟಾಪ್‌ವಾಚ್ ಒತ್ತುವುದರೊಳಗೆ ಹುಡುಗ ತುಂಡುಗಳನ್ನು ಜೋಡಿಸಿ ಕೈಕಟ್ಟಿ ಕೂತುಬಿಟ್ಟ. ವಿಶೇಷ ತರಗತಿಯ ಅಗತ್ಯವಿಲ್ಲ ಅಂತ ವರದಿ ಬಂತು. ತಂದೆ ಸೀದಾ ನನ್ನ ಮೇಜಿಗೇ ಬಂದರು.

“ಅಲ್ರೀ ಮೇಡಂ, ಹುಡುಗ ಪಾಸಾಗ್ಯಾನ. ಮತ್ತ ಸೀಟ್ ಯಾಕ ಕೊಡ್ಲಿಲ್ಲ?”

ನಾನು ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪ ಮಾಡಿ ನಕ್ಕೆ. ಆ ಹುಡುಗ ಒಂದು ವರ್ಷ ಕಾದು ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ಅವನು ಕಳೆದುಕೊಂಡ ಆ ವರ್ಷ ನಗುವಂಥದ್ದಲ್ಲ ಅಂತ ಆಗ ನನಗೆ ಹೊಳೆಯಲಿಲ್ಲ. ಅವರಷ್ಟೇ ಪ್ರೀತಿಯಿಂದ, ಅವರಿಗಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ ಮೇಲೆ ಹೊಳೆಯಿತು.

ಅದನ್ನು ಹೇಳುವ ಮೊದಲು ನನ್ನ ಮೇಲಧಿಕಾರಿ ಡೋರೀನ್ ವಿಷಯ ಹೇಳಬೇಕು. ಒಣಕಲು ದೇಹದ ಹೆಂಗಸು, ಮಾತು ಅದಕ್ಕಿಂತ ಒಣ. ಮೇಜಿನ ಮೇಲೆ ಯಾವಾಗಲೂ ಸುಲಿದ ಗಜ್ಜರಿಯ, ಅಂದರೆ ನಿಮ್ಮ ಕ್ಯಾರೆಟ್ಟಿನ, ಡಬ್ಬಿ, ಕೈಯಲ್ಲಿ ಕೆಂಪು ಪೆನ್ನು. ನಾನು ಬರೆದ ಅರ್ಜಿಯಲ್ಲಿ ‘ಸ್ವಲ್ಪ’, ‘ಕೆಲವೊಮ್ಮೆ’ ಅನ್ನುವ ಪದ ಕಂಡರೆ ಸಾಕು, ಕೆಂಪು ಸುತ್ತು ಬೀಳುತ್ತಿತ್ತು. “ಕೆಲವೊಮ್ಮೆ ಅಂದರೆ ಎಷ್ಟು ಸಲ? ಯಾವ ದಿನ? ಯಾರಿಗೆ ಗಾಯವಾಯಿತು? ಆಗ ಪಕ್ಕದಲ್ಲಿ ಯಾರಿದ್ದರು?” ಅಂತ ಗಜ್ಜರಿ ಕಚ್ಚುತ್ತಲೇ ಕೇಳುತ್ತಿದ್ದಳು. “ಒಳ್ಳೆಯ ಮಾತನ್ನೆಲ್ಲ ಬರ್ತ್‌ಡೇ ಕಾರ್ಡಿಗೆ ಇಟ್ಟುಕೋ. ಇಲ್ಲಿ ನಡೆದದ್ದನ್ನು ಬರೆ.” ನಾನು ಹೊರಗೆ ಬರುವಾಗ ಕನ್ನಡದಲ್ಲಿ ನಾಲ್ಕು ಮಾತು ಗೊಣಗುತ್ತಿದ್ದೆ. ಏನಂದೆ ಅಂತ ಕೇಳಿದರೆ, ನಿನ್ನನ್ನೇ ಹೊಗಳಿದೆ ಅನ್ನುತ್ತಿದ್ದೆ. ಅವಳು ನಂಬುತ್ತಿರಲಿಲ್ಲ, ಆದರೆ ಮುಖ ಮಾತ್ರ ಸಡಿಲವಾಗುತ್ತಿತ್ತು. ಅವಳಿಂದ ಬೈಸಿಕೊಂಡಷ್ಟು ನಾನು ನನ್ನ ಅತ್ತೆಯಿಂದಲೂ ಬೈಸಿಕೊಂಡಿಲ್ಲ. ಆದರೂ ನನಗೆ ಈ ಕೆಲಸ ಕಲಿಸಿದವಳು ಅವಳೇ.

ಸವಿತಾಳ ಅರ್ಜಿ ಬಂದಾಗ ಡೋರೀನ್ ಮೊಣಕಾಲಿನ ಆಪರೇಷನ್ನಿಗೆಂದು ರಜೆಯಲ್ಲಿದ್ದಳು.

ಸವಿತಾ ಬೆಳಗಾವಿ ಕಡೆಯವಳು. ಎಟೋಬಿಕೋಕಿನಲ್ಲಿ ಒಂದು ಹಳೆಯ ಮನೆಯ ಬೇಸ್‌ಮೆಂಟಿನಲ್ಲಿ ಇದ್ದಳು. ಗಂಡ ಟ್ರಕ್ಕು ಓಡಿಸುತ್ತಿದ್ದ, ಸೋಮವಾರ ಹೋದರೆ ಶುಕ್ರವಾರವೇ ಮನೆ ಕಾಣುತ್ತಿದ್ದುದು. ಇವಳಿಗೆ ಹತ್ತಿರದ ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಒಬ್ಬಳೇ ಮಗಳು, ಮಯೂರಿ, ಏಳು ವರ್ಷ. ಮಯೂರಿಗೆ ಮಾತು ಬಂದಿರಲಿಲ್ಲ. ಸಹಾಯಕಿ ಇಲ್ಲವೆಂದು ಶಾಲೆಯವರು ಅವಳನ್ನು ಹನ್ನೊಂದು ಗಂಟೆಯವರೆಗೆ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಸವಿತಾ ದಿನಾ ಶಿಫ್ಟಿನ ನಡುವೆ ಎದ್ದು ಓಡಿಬರಬೇಕು. ಇನ್ನು ಹೀಗೆ ನಡೆಯುವುದಿಲ್ಲ ಅಂತ ಫ್ಯಾಕ್ಟರಿಯವರು ಹೇಳಿಬಿಟ್ಟಿದ್ದರು. ಪೂರ್ತಿ ದಿನದ ಶಾಲೆ ಸಿಗದಿದ್ದರೆ ಮಗುವಿನ ಕಲಿಕೆಯೂ ಇಲ್ಲ, ತಾಯಿಯ ಕೆಲಸವೂ ಇಲ್ಲ.

ಸಭೆಯಲ್ಲಿ ಪ್ರಿನ್ಸಿಪಾಲರು, ಟೀಚರು ಮತ್ತು ನಾನು. ಸವಿತಾಗೆ ಇಂಗ್ಲಿಷು ಬರುತ್ತಿತ್ತು. ಆದರೆ ಮಗಳ ಮಾತು ಬಂದಾಗ ಆ ಇಂಗ್ಲಿಷು ಕೈಕೊಡುತ್ತಿತ್ತು. ಕನ್ನಡದವಳು ಅಂತ ಪ್ರಶ್ನೆ ಕೇಳಲು ನನಗೇ ಹೇಳಿದರು.

“ಮನ್ಯಾಗ ಹೆಂಗಿರ್ತಾಳವಾ ಮಯೂರಿ?”

“ಚಲೋ ಅದಾಳ್ರಿ. ಏನೂ ತ್ರಾಸಿಲ್ಲ.”

“ಕಡಿಯೂದು, ಹೊಡಿಯೂದು ಏನರ?”

“ಇಲ್ರಿ. ಭಾಳ ಶಾಣ್ಯಾಕಿ ಅದಾಳ.”

ಹಾಗೆನ್ನುತ್ತಲೇ ಸ್ವೆಟರಿನ ತೋಳನ್ನು ಬೆರಳಿನವರೆಗೆ ಎಳೆದುಕೊಂಡಳು. ಆದರೆ ನಾನು ಮೊದಲೇ ನೋಡಿಬಿಟ್ಟಿದ್ದೆ. ಬಳೆಯ ಮೇಲುಗಡೆ ಹಲ್ಲಿನ ಗುರುತು, ಮಾಸಿದ್ದೂ ಇತ್ತು, ಹೊಸದೂ ಇತ್ತು. ನಾನೂ ಸಹಾಯಕಿಯಾಗಿದ್ದವಳು, ನನ್ನ ಕೈಯ ಮೇಲೂ ಅಂಥವು ಬಿದ್ದಿವೆ.

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡಳು. “ಅಕ್ಕಾ, ನೀವು ನಮ್ಮವ್ರಂತ ಹೇಳ್ತೀನಿ. ಹ್ವಾದ ಚಳಿಗಾಲ್ದಾಗ ನಾ ಅಡಿಗಿ ಮಾಡಾಕತ್ತಿದ್ದೆ. ಬಾಗ್ಲಾ ತಗದು ಬರಿಗಾಲ್ಲೆ ಹೋಗಿಬಿಟ್ಳ್ರಿ. ದೊಡ್ಡ ರೋಡ್ ತನಾ ಹೋಗಿದ್ಳು. ಯಾರೋ ಕಾರ್ ನಿಲ್ಲಿಸಿ ಹಿಡದ್ರು. ಒಂದ ಸಲ ಅಲ್ರಿ, ಮೂರ್ ಸಲ ಆಗೇತಿ.”

ಮೂರು ಸಲ! “ಇದನ್ನ ಒಳಗ ಯಾಕ ಹೇಳ್ಲಿಲ್ಲ?”

“ಬರೀಬ್ಯಾಡ್ರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ತಾಯಿಗೆ ನೋಡ್ಕೊಳ್ಳಾಕ ಬರಂಗಿಲ್ಲಂತ ಮಗಳನ್ನ ಕಸ್ಕೊಂಡು ಹೋಗ್ತಾರ. ಮತ್ತ ಅಂಥಾದ್ದು ಬರದಿಟ್ರ ಖರೇನ ಆಗ್ತೇತ್ರಿ. ನಾಳೆ ಆಕಿ ರೋಡಿಗೆ ಹೋಗಿ ಯಾವ್ದರ ಗಾಡಿ ಬಂದು…”

“ಬಿಡ್ತು ಅನ್ನವಾ!” ಅಂತ ನಾನೇ ಅವಳ ಬಾಯಿ ಮುಚ್ಚಿಸಿದೆ.

“ಬಿಡ್ತು, ಬಿಡ್ತು” ಅಂದಳು.

ನಮ್ಮ ಅಜ್ಜಿ ಹಾಗೆಯೇ ಮಾಡುತ್ತಿದ್ದಳು. ಮಕ್ಕಳ ವಿಷಯದಲ್ಲಿ ಕೆಟ್ಟ ಮಾತು ಯಾರ ಬಾಯಿಂದ ಬಂದರೂ ಬಿಡ್ತು ಅನ್ನಿಸದೆ ಅವರನ್ನು ಎದ್ದು ಹೋಗಲು ಬಿಡುತ್ತಿರಲಿಲ್ಲ. ನಾನು ಎಷ್ಟೋ ವರ್ಷ ಇಲ್ಲಿದ್ದು, ನೂರಾರು ಅರ್ಜಿ ಬರೆದು, ಡೋರೀನ್ ಹತ್ತಿರ ಅಷ್ಟೆಲ್ಲ ಬೈಸಿಕೊಂಡು, ಆ ಒಂದು ಗಳಿಗೆಯಲ್ಲಿ ಮತ್ತೆ ಧಾರವಾಡದ ಅಡಿಗೆಮನೆಯ ಮೊಮ್ಮಗಳಾಗಿಬಿಟ್ಟೆ. ಮಯೂರಿ ರಸ್ತೆಗೆ ಹೋದದ್ದನ್ನು ಬರೆಯಲಿಲ್ಲ. ಮಗುವಿಗೆ ಹೊರಗೆ ಹೋಗುವುದು ಇಷ್ಟ, ಕೆಲವೊಮ್ಮೆ ಗಮನ ಕೊಡಬೇಕಾಗುತ್ತದೆ ಅಂತ ಬರೆದೆ. ಹಲ್ಲಿನ ಗುರುತಿನ ಮಾತೂ ಎತ್ತಲಿಲ್ಲ. ಡೋರೀನ್ ಇದ್ದಿದ್ದರೆ ಆ ‘ಕೆಲವೊಮ್ಮೆ’ಗೆ ಸುತ್ತು ಹಾಕಿ ನನ್ನ ಮುಖಕ್ಕೆ ಹಿಡಿಯುತ್ತಿದ್ದಳು. ಅವಳ ಜಾಗದಲ್ಲಿದ್ದವರು ಸಹಿ ಹಾಕಿ ಕಳಿಸಿದರು.

ಅರ್ಜಿ ತಿರುಗಿ ಬಂತು. ಅಪಾಯವಿದೆ ಅನ್ನುವುದಕ್ಕೆ ಆಧಾರ ಸಾಲದು ಅಂತ ಒಂದು ಸಾಲಿನ ಉತ್ತರ. ನನಗೆ ಬೇಸರವಾಯಿತು. ಆದರೂ ಸವಿತಾಳ ಮಾತು ಉಳಿಸಿದೆನಲ್ಲ ಅಂತ ಒಳಗೊಳಗೇ ಸಮಾಧಾನ ಬೇರೆ. ಎಲ್ಲಿಂದ ಬಂದಿತ್ತೋ ಆ ಬುದ್ಧಿ.

ಮೂರನೆಯ ವಾರ ಪ್ರಿನ್ಸಿಪಾಲರ ಫೋನು ಬಂತು. ಹತ್ತೂವರೆಗೆ ಮಕ್ಕಳೆಲ್ಲ ಕೋಟು ಹಾಕಿಕೊಳ್ಳುವ ಗದ್ದಲದಲ್ಲಿ ಮಯೂರಿ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿದ್ದಾಳೆ, ಮೈದಾನ ದಾಟಿದ್ದಾಳೆ, ನಾಲ್ಕು ಸಾಲಿನ ರಸ್ತೆಯ ನಡುವೆ ಹೋಗಿ ನಿಂತಿದ್ದಾಳೆ. ಒಬ್ಬ ಸಿಟಿ ಬಸ್ಸಿನ ಡ್ರೈವರ್ ನೋಡಿದ್ದಾನೆ. ಬಸ್ಸನ್ನು ಅಡ್ಡ ನಿಲ್ಲಿಸಿ, ಇಳಿದು ಬಂದು, ಟೀಚರು ಏದುಸಿರು ಬಿಡುತ್ತ ಓಡಿ ಬರುವವರೆಗೂ ಅವಳನ್ನು ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡಿದ್ದಾನೆ. ಒಂದು ಕಾಲಲ್ಲಿ ಬೂಟು ಇರಲಿಲ್ಲ, ಅಷ್ಟೇ. ಮಗು ಕ್ಷೇಮವಾಗಿದೆ ಅನ್ನುವ ಮಾತನ್ನು ಪ್ರಿನ್ಸಿಪಾಲರು ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು, ಎಲ್ಲ ಮುಗಿದ ಮೇಲೆ ಹೇಳಿದರು. ಪೂರ್ವಿ, ನೀನು ಯಾವ ತಾಯಿಗಾದರೂ ಇಂಥ ಫೋನು ಮಾಡುವ ದಿನ ಬಂದರೆ, ಮಗು ಕ್ಷೇಮ ಅನ್ನುವುದನ್ನು ಮೊದಲು ಹೇಳು.

ಡೋರೀನ್ ಆ ವಾರವಷ್ಟೇ ಕೋಲು ಹಿಡಿದು ಕೆಲಸಕ್ಕೆ ವಾಪಸಾಗಿದ್ದಳು. ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ. ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ ಅಂತ ಹೇಳಿದೆ. ಕೂಗಾಡುತ್ತಾಳೆ, ಕೆಲಸದಿಂದ ತೆಗೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಗಜ್ಜರಿಯನ್ನು ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದಳು.

“ಬರೆಯದೆ ಯಾರನ್ನು ಕಾಪಾಡಿದೆ?” ಅಂತ ಕೇಳಿದಳು.

ನಾನು ಅತ್ತುಬಿಟ್ಟೆ. ಆ ಮಗುವನ್ನಂತೂ ನಾನು ಕಾಪಾಡಿರಲಿಲ್ಲ. ಮಗುವನ್ನು ಕಾಪಾಡಿದವನು ನನ್ನ ಅರ್ಜಿಯ ಮುಖವನ್ನೂ ನೋಡದ ಒಬ್ಬ ಬಸ್ ಡ್ರೈವರ್. ಡೋರೀನ್ ಕಾಗದದ ಕರವಸ್ತ್ರದ ಡಬ್ಬಿಯನ್ನೂ ಹೊಸ ಅರ್ಜಿಯ ಫಾರ್ಮನ್ನೂ ಒಟ್ಟಿಗೇ ನನ್ನ ಕಡೆ ತಳ್ಳಿದಳು. ಮರುಪರಿಶೀಲನೆಗೆ ಹತ್ತು ದಿನ ಉಳಿದಿತ್ತು. “ಸಹಾಯ ಕೇಳುವ ತಾಯಿಯಿಂದ ಮಗುವನ್ನು ಕಸಿದುಕೊಳ್ಳಲು ಇಲ್ಲಿ ಯಾರೂ ಕಾದು ಕೂತಿಲ್ಲ ಅಂತ ಅವಳಿಗೆ ಹೇಳು. ನಂಬದಿದ್ದರೆ ನಾನೇ ಬಂದು ಹೇಳುತ್ತೇನೆ, ಈ ಕಾಲು ಎಳೆದುಕೊಂಡು” ಅಂದಳು.

ಶನಿವಾರ ಬೆಳಗ್ಗೆ ಸವಿತಾಳ ಮನೆಗೆ ಹೋದೆ. ಗಂಡ ವಾರದ ಸಾಮಾನು ತರಲು ಹೊರಗೆ ಹೋಗಿದ್ದ. ಅವಳ ಕಣ್ಣು ಬಾತುಕೊಂಡಿದ್ದವು, ನಾಲ್ಕು ದಿನದಿಂದ ಮಗಳನ್ನು ಶಾಲೆಗೆ ಕಳಿಸಿರಲಿಲ್ಲ. ಬಾಗಿಲಿಗೆ ಮೇಲೊಂದು ಕೆಳಗೊಂದು ಹೊಸ ಚಿಲಕ ಹಾಕಿಸಿದ್ದಳು. “ನಾನ ಬರೀಬ್ಯಾಡ್ರಿ ಅಂದಿದ್ದೆ. ನನ್ನ ಬಾಯಿ ಸುಡ್ಲಿ” ಅಂತ ಹಣೆ ಬಡಿದುಕೊಂಡಳು.

“ನಿಂದಲ್ಲವಾ ತಪ್ಪು. ನೀ ತಾಯಿ, ಹಂಗನ್ನಾಕಿನ. ಬರಿಯೂದು ನನ್ನ ಕೆಲ್ಸ ಇತ್ತು, ನಾ ಬರೀಲಿಲ್ಲ” ಅಂದೆ. ಡೋರೀನ್ ಹೇಳಿ ಕಳಿಸಿದ್ದನ್ನೂ ಹೇಳಿದೆ. ಅವಳು ಎದ್ದು ಹೋಗಿ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಬಂದಳು.

ಮಯೂರಿ ನೆಲದ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದಳು. ಮುಂದೆ ಒಂದು ಬೋಗುಣಿ ಬೆಳ್ಳುಳ್ಳಿ. ಒಂದೊಂದೇ ಎಸಳು ಸುಲಿದು, ಸಿಪ್ಪೆ ಒಂದು ಕಡೆ, ಎಸಳು ಒಂದು ಕಡೆ ಇಡುತ್ತ ತನ್ನಷ್ಟಕ್ಕೆ ಗುಂಯ್‌ಗುಡುತ್ತಿದ್ದಳು. ನಾನು ಪೆನ್ನು ತೆಗೆದು ಮೊದಲ ಪ್ರಶ್ನೆ ಓದಿದೆ. ಸವಿತಾ ಬಾಯಿ ತೆರೆದಳು, ಮಗಳ ಬೆನ್ನು ನೋಡಿದಳು, ಮುಚ್ಚಿದಳು.

“ಆಕಿ ಮುಂದ ಆಗಂಗಿಲ್ರಿ ಅಕ್ಕಾ. ಮಾತ್ ಬರಂಗಿಲ್ಲ ಖರೆ, ಆಕಿಗೆ ಎಲ್ಲಾ ತಿಳೀತೇತಿ.”

ಆ ಮಾತು ಯಾವ ವರದಿಯಲ್ಲೂ ಇರಲಿಲ್ಲ. ನಾನು ಚೀಲದಿಂದ ಒಂದು ಬಿಳಿ ಹಾಳೆ ತೆಗೆದು, ಮೊದಲ ಸಾಲಾಗಿ ಅದನ್ನೇ ಬರೆದೆ. ಮಯೂರಿಗೆ ಎಲ್ಲ ತಿಳಿಯುತ್ತದೆ. ಆಗ ಒಂದು ಉಪಾಯ ಹೊಳೆಯಿತು. ಬಾಗಿಲಾಚೆಗೆ ಮೇಲಕ್ಕೆ ಹೋಗುವ ಮೆಟ್ಟಿಲಿದ್ದವು. ಅಲ್ಲಿ ನಿಂತರೆ ಒಳಗಿನದು ಕಾಣುತ್ತದೆ, ಪಿಸುಮಾತು ಒಳಗೆ ಕೇಳುವುದಿಲ್ಲ.

“ಕೆಟ್ಟದ್ದನ್ನ ಮೆಟ್ಲ ಮ್ಯಾಲೆ ಹೇಳು. ಹೇಳಿ ಅಲ್ಲೇ ಬಿಡ್ತು ಅನ್ನು. ಆಮ್ಯಾಲೆ ಕೆಳಗ ಬಂದು, ಆಕಿ ಮುಂದ ಒಂದು ಚಲೋದು ಹೇಳು. ಕೆಟ್ಟದ್ದು ಫಾರ್ಮಿನ್ಯಾಗ, ಚಲೋದು ಈ ಹಾಳ್ಯಾಗ. ನಡೀತದೇನು?”

ಸವಿತಾ ನನ್ನನ್ನು ಹುಚ್ಚಿಯೇನೋ ಎಂಬಂತೆ ನೋಡಿದಳು. ಆದರೆ ಎದ್ದಳು.

ಮೆಟ್ಟಿಲ ಮೇಲೆ ತೋಳು ಸರಿಸಿ ತೋರಿಸಿದಳು. “ಕಡೀತಾಳ್ರಿ.”

“ವಾರಕ್ಕ ಎಷ್ಟ ಸಲ?”

“ವಾರಕ್ಕಲ್ರಿ. ದಿನಾ. ಬಿಡ್ತು.”

ಇಳಿದು ಬಂದೆವು. “ಬೆಳ್ಳೊಳ್ಳಿ ಸುಲೀತಾಳ್ರಿ. ಒಂದ್ ಎಸಳಿಗೂ ಉಗುರು ತಾಗಸಂಗಿಲ್ಲ.”

ಹತ್ತಿದೆವು. “ಕುಕ್ಕರ್ ಸೀಟಿ ಹೊಡದ್ರ ತಲಿ ಗ್ವಾಡಿಗೆ ಬಡ್ಕೋತಾಳ್ರಿ. ರಕ್ತ ಬರೂ ತನಾ. ಬಿಡ್ತು, ಬಿಡ್ತು.”

ಇಳಿದೆವು. “ಅವ್ರಪ್ಪನ ಗಾಡಿ ಇನ್ನೂ ತಿರುವಿನ್ಯಾಗ ಇರ್ತೇತಿ, ಆಗ್ಲೆ ಆಕಿಗೆ ಗೊತ್ತಾಗ್ತೇತಿ. ಹೋಗಿ ಅಂವನ ಚಪ್ಪಲಿ ತಂದಿಡ್ತಾಳ.”

ರಸ್ತೆಗೆ ಹೋದ ಮೂರು ಸಲವನ್ನೂ ಒಂದೊಂದಾಗಿ ಹೇಳಿದಳು, ಎಷ್ಟು ಹೊತ್ತು, ಎಲ್ಲಿಯವರೆಗೆ, ಹಿಡಿದವರು ಯಾರು ಅಂತ. ಮೂರನೆಯದನ್ನು ಹೇಳುವಾಗ ಗೋಡೆ ಹಿಡಿದುಕೊಂಡು ಬಿಕ್ಕಿದಳು. ನಾನು ಬೆನ್ನು ಸವರುತ್ತ ಇನ್ನೊಂದು ಕೈಯಲ್ಲಿ ಬರೆದೆ. ಎಷ್ಟು ಸಲ ಹತ್ತಿ ಇಳಿದೆವೋ ಲೆಕ್ಕವಿಲ್ಲ. ಡೋರೀನ್ ಆಪರೇಷನ್ ಮಾಡಿಸಿಕೊಂಡದ್ದು ಯಾಕೆ ಅಂತ ನನ್ನ ಮೊಣಕಾಲಿಗೆ ಅವತ್ತು ಚೆನ್ನಾಗಿ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಫಾರ್ಮು ತುಂಬಿತ್ತು, ಬಿಳಿ ಹಾಳೆಯೂ ಎರಡೂ ಮಗ್ಗುಲು ತುಂಬಿತ್ತು. ಹೊರಡುವಾಗ ಮಯೂರಿ ಎದ್ದು ಬಂದು ಸುಲಿದ ಒಂದು ಬೆಳ್ಳುಳ್ಳಿ ಎಸಳನ್ನು ನನ್ನ ಅಂಗೈಯಲ್ಲಿ ಇಟ್ಟು ಹೋದಳು. ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಆ ಕೋಟು ವಾರಗಟ್ಟಲೆ ನಾತ ಹೊಡೆಯಿತು.

ಸೋಮವಾರ ಡೋರೀನ್ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಕೆಳಗಿದ್ದ ಕನ್ನಡದ ಹಾಳೆಯನ್ನು ತಿರುಗಿಸಿ ನೋಡಿ ಇದೇನು ಅಂತ ಕೇಳಿದಳು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಚಪ್ಪಲಿಯ ಸಾಲಿಗೆ ಬಂದಾಗ ಅವಳು ಕಿಟಕಿಯ ಕಡೆ ಮುಖ ಮಾಡಿದಳು. “ಇದು ಸರ್ಕಾರಕ್ಕೆ ಬೇಡ. ಆದರೆ ಸಹಾಯಕಿ ಬಂದರೆ ಅವಳ ಕೈಗೆ ಮೊದಲು ಇದನ್ನು ಕೊಡು. ಆ ಫಾರ್ಮನ್ನಷ್ಟೇ ಓದಿದರೆ ಅವಳು ಮಗುವಿನ ಹತ್ತಿರ ಹೋಗಲು ಹೆದರುತ್ತಾಳೆ” ಅಂದಳು. ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷು ಬರೆದು ಸೇರಿಸಿದೆ.

ಅಂದಿನಿಂದ ಪ್ರತಿ ಮಗುವಿಗೂ ನಾನು ಎರಡು ಕಾಗದ ಮಾಡತೊಡಗಿದೆ. ಕೆಟ್ಟದ್ದು ಸರ್ಕಾರಕ್ಕೆ, ಒಳ್ಳೆಯದು ತರಗತಿಗೆ. ಯಾವ ನಿಯಮದಲ್ಲೂ ಇದು ಇರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ.

ಬೇಸಿಗೆ ರಜೆ ಮುಗಿಯುವ ಮೊದಲೇ ಒಪ್ಪಿಗೆ ಬಂತು. ಸವಿತಾಳ ಬ್ರೇಕಿನ ಹೊತ್ತು ನೋಡಿಕೊಂಡು ಫೋನು ಮಾಡಿದೆ. ಹಿಂದೆ ಮಷೀನಿನ ಸದ್ದು.

“ಸವಿತಾ, ಒಪ್ಪಿಗಿ ಬಂತವಾ. ಆಕಿಗಂತನ ಒಬ್ಬ ಸಹಾಯಕಿ ಬರ್ತಾಳ.”

ಅದರ ನಡುವೆ ಅವಳ ಸಣ್ಣ ದನಿ. “ಪೂರಾ ದಿನಾ ಏನ್ರಿ ಅಕ್ಕಾ?”

“ಪೂರಾ ದಿನಾ.”

“ಮೂರೂವರಿ ತನಾ?”

“ಮೂರೂವರಿ ತನಾ.”

“ಬಿಡ್ತು…” ಅಂದುಬಿಟ್ಟಳು ಅಭ್ಯಾಸಬಲದಿಂದ! “ಅಯ್ಯ, ಇದಕ್ಕ ಅನ್ನಬಾರ್ದಲ್ರೀ!” ಅಂತ ಅವಳು ನಗತೊಡಗಿದಳು, ನಾನೂ ನಕ್ಕೆ, ನಗುತ್ತ ನಗುತ್ತ ಇಬ್ಬರೂ ಅತ್ತೆವು. ಪಕ್ಕದ ಮೇಜಿನವಳು ನನಗೆ ಏನೋ ಆಗಿದೆ ಅಂದುಕೊಂಡು ನೀರು ತಂದಳು.

ಆಮೇಲೆ ಕಾಲ ಬದಲಾಯಿತು. ಡೋರೀನ್ ನಿವೃತ್ತಳಾಗಿ, ಗಜ್ಜರಿ ಡಬ್ಬಿಯ ಜೊತೆ ತನ್ನ ಊರಿಗೆ ಹೋದಳು. ಹಳದಿ ಫೈಲುಗಳೆಲ್ಲ ಕಂಪ್ಯೂಟರಿನೊಳಗೆ ಸೇರಿದವು. ‘ಕಚ್ಚುತ್ತದೆಯೇ’ ಅನ್ನುವುದಕ್ಕೆ ಹೌದು, ಇಲ್ಲ ಅನ್ನುವ ಎರಡು ಗುಂಡಿ. ಹೆಚ್ಚು ಬರೆದರೆ ಕಂಪ್ಯೂಟರೇ ತಡೆಯುತ್ತದೆ. ಮೇಜಿನ ಸುತ್ತ ಕೂತು ನಡೆಸುತ್ತಿದ್ದ ಸಭೆಗಳು ಪರದೆಗೆ ಹೋದವು. ಒಮ್ಮೆ ಒಬ್ಬ ತಂದೆ ಸದ್ದು ಬಂದ್ ಮಾಡಿಕೊಂಡೇ ಹತ್ತು ನಿಮಿಷ ಮಗನ ಕಷ್ಟ ಹೇಳಿಕೊಂಡರು. ನಾವೆಲ್ಲ ಅವರ ತುಟಿ ನೋಡುತ್ತ ತಲೆ ಆಡಿಸಿದೆವು. ಅನುಕೂಲವೂ ಆಯಿತು, ಸುಳ್ಳು ಯಾಕೆ ಹೇಳಲಿ. ರಜೆ ಹಾಕಲಾಗದ ತಾಯಂದಿರು ಬ್ರೇಕ್ ರೂಮಿನಿಂದಲೇ ಸೇರಿಕೊಳ್ಳುತ್ತಿದ್ದರು. ಆದರೆ ಪರದೆಯಲ್ಲಿ ಮುಖ ಮಾತ್ರ ಕಾಣುತ್ತದೆ, ಯಾರ ಮಣಿಕಟ್ಟೂ ಕಾಣುವುದಿಲ್ಲ. ಅದಕ್ಕೇ ನಾನು ಆದಷ್ಟು ಮಟ್ಟಿಗೆ ತಾಯಿಯ ಪಕ್ಕದಲ್ಲೇ ಹೋಗಿ ಕೂರುತ್ತಿದ್ದೆ.

ನಿವೃತ್ತಿಗೆ ಕೆಲವು ತಿಂಗಳು ಇರುವಾಗ ಮಯೂರಿಯ ಫೈಲು ಮತ್ತೆ ನನ್ನ ಮುಂದೆ ಬಂತು, ಮರುಪರಿಶೀಲನೆಗೆ. ಆಗ ಅವಳಿಗೆ ಹದಿನೈದು, ಹೈಸ್ಕೂಲು. ಮಾತು ಬಂದಿರಲಿಲ್ಲ, ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಒತ್ತಿ ಬೇಕಾದ್ದು ಹೇಳುತ್ತಿದ್ದಳು. ನಮ್ಮ ಬಿಳಿ ಹಾಳೆ ಒಬ್ಬ ಸಹಾಯಕಿಯಿಂದ ಇನ್ನೊಬ್ಬಳಿಗೆ ದಾಟುತ್ತ, ಮಡಿಕೆಯಲ್ಲಿ ಹರಿದು ಟೇಪು ಹಾಕಿಸಿಕೊಂಡು, ಅವಳ ಜೊತೆಯೇ ಹೈಸ್ಕೂಲಿಗೆ ಬಂದಿತ್ತು. ಬೆಳ್ಳುಳ್ಳಿಯ ಸಾಲನ್ನು ಓದಿದ ಅಲ್ಲಿನ ಟೀಚರು ಅವಳನ್ನು ಶಾಲೆಯ ಅಡಿಗೆ ತರಗತಿಗೆ ಸೇರಿಸಿದ್ದರು.

ಸವಿತಾಳ ಮನೆಯಲ್ಲೇ, ಅವಳ ಪಕ್ಕ ಕೂತಿದ್ದೆ. ಅದೇ ಬೇಸ್‌ಮೆಂಟು. ಚಪಾತಿ ಹಿಟ್ಟು ನಾದುತ್ತಿದ್ದವಳು ಕೈ ತೊಳೆದುಕೊಂಡು ಬಂದಿದ್ದಳು. ಪರದೆಯಲ್ಲಿ ಹೊಸ ಅಧಿಕಾರಿ, ನಮ್ಮ ಮಕ್ಕಳ ವಯಸ್ಸಿನವನು. ಯಾರಿಗೂ ಹೇಳದೆ ಹೊರಗೆ ಹೋಗುತ್ತಾಳೆಯೇ ಅಂತ ಕೇಳಿದ. ಇಲ್ಲ ಅಂದಳು ಸವಿತಾ. ತನಗೆ ತಾನು ಪೆಟ್ಟು ಮಾಡಿಕೊಳ್ಳುತ್ತಾಳೆಯೇ? ಇಲ್ಲ. ಹಾಗಾದರೆ ಅವಳೊಬ್ಬಳಿಗೇ ಸಹಾಯಕಿ ಬೇಕಾಗಲಿಕ್ಕಿಲ್ಲ, ತರಗತಿಯ ಸಹಾಯಕಿಯೇ ಸಾಕಾಗಬಹುದು, ತಾಯಿಯ ಅಭಿಪ್ರಾಯವೇನು ಅಂದ.

ಸವಿತಾ ನನ್ನ ಮುಖ ನೋಡಿದಳು. ಎಷ್ಟೋ ಮನೆಗಳಲ್ಲಿ ಈ ಮಾತಿಗೆ ಜಗಳವಾದದ್ದು ನೋಡಿದ್ದೇನೆ. ಸಿಕ್ಕ ನೆರವನ್ನು ಬಿಡಲು ಯಾರಿಗೆ ಧೈರ್ಯ ಬರುತ್ತದೆ? ಅವಳ ಮನಸ್ಸಿನಲ್ಲಿ ಇನ್ನೂ ಏನಾದರೂ ಇದ್ದರೆ ಅವತ್ತು ಅದನ್ನು ಕೇಳದೆ ಬಿಡಲು ನಾನಂತೂ ಸಿದ್ಧಳಿರಲಿಲ್ಲ. ಪರದೆಯ ಸದ್ದು ಬಂದ್ ಮಾಡಿ ಕೇಳಿದೆ.

“ಖರೆ ಹೇಳವಾ. ಮುಚ್ಚಿಟ್ಟದ್ದು ಏನರ ಅದ ಏನು? ಮೆಟ್ಲ ಹತ್ತೂದದ ಏನು?”

ಅವಳು ಬಾಗಿಲ ಕಡೆ ನೋಡಿದಳು. ಮೇಲಿನ ಚಿಲಕವನ್ನು ಯಾವಾಗಲೋ ತೆಗೆದುಹಾಕಿದ್ದರು, ಸ್ಕ್ರೂಗಳ ತೂತು ಮಾತ್ರ ಉಳಿದಿತ್ತು. ಅಡಿಗೆ ಕಟ್ಟೆಯ ಹತ್ತಿರ ಮಯೂರಿ ಗುಂಯ್‌ಗುಡುತ್ತ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಲೆಯ ಮೇಲೆ ಕುಕ್ಕರ್ ಸೀಟಿ ಹೊಡೆಯಿತು. ಮಯೂರಿ ಬೋಗುಣಿ ಬದಿಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡು, ಸದ್ದು ನಿಂತ ಮೇಲೆ ಮತ್ತೆ ಎಸಳು ಕೈಗೆತ್ತಿಕೊಂಡಳು.

“ಇಲ್ರಿ ಅಕ್ಕಾ” ಅಂದಳು ಸವಿತಾ. “ಕ್ಲಾಸಿನ ಸಹಾಯಕಿನ ಸಾಕ್ರಿ. ಚಲೋ ಅದಾಳ್ರಿ.”

ಹಿಟ್ಟು ನಾದಲು ಮೇಲೆ ಸರಿಸಿದ್ದ ತೋಳನ್ನು ಅವಳು ಇನ್ನೂ ಇಳಿಸಿರಲಿಲ್ಲ. ನಾನು ಅವಳ ಮಣಿಕಟ್ಟನ್ನು ನೋಡಿದೆ, ಎರಡೂ ಕೈಯದು. ಹಸಿರು ಬಳೆ ಇದ್ದವು, ಹಳೆಯ ಒಂದು ಬಿಳಿ ಗೆರೆ ಇತ್ತು, ಹೊಸದು ಒಂದೂ ಇರಲಿಲ್ಲ. ಸದ್ದು ಮತ್ತೆ ಹಾಕಿ, ಅವಳು ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಅರ್ಜಿಯಲ್ಲೂ ಅದನ್ನೇ ಬರೆದೆ.